ಡೊಪ್ಪೆಲ್‌ಬಾಕ್ ಕುಡಿಯುವ ಮುನ್ನ

ಮ್ಯೂನಿಕ್‌ಗೆ ಹೋದವರು ಪೌಲಾನರ್ ಸಾಲ್ವಾಟರ್ ಎಂಬ ಡೊಪ್ಪೆಲ್‌ಬಾಕ್ ಬಿಯರನ್ನು ಕೈಗೆತ್ತಿಕೊಂಡರೆ ಒಂದು ಮಾತು ನೆನಪಿರಲಿ: ಇದು ದಾಹಕ್ಕೆ ಕುಡಿಯುವ ಬಿಯರ್ ಅಲ್ಲ. ಈಸ್ಟರ್‌ಗೆ ಮುಂಚಿನ ಉಪವಾಸದಲ್ಲಿ ಅಲ್ಲಿನ ಸಂನ್ಯಾಸಿಗಳು ಊಟದ ಬದಲು ಕುಡಿಯುತ್ತಿದ್ದ ಗಟ್ಟಿ ಬಿಯರಿನ ವಂಶ ಇದರದು. ಮದ್ಯಾಂಶ ಶೇ 7.9.

ಫ್ರಿಜ್‌ನಿಂದ ತೆಗೆದ ತಕ್ಷಣ ಬಾಯಿಗಿಡಬೇಡಿ. ಹತ್ತು ನಿಮಿಷ ಬಿಡಿ. ತಣುಪು ಇಳಿದಂತೆ ಮೊದಲು ಬ್ರೆಡ್ಡಿನ ಕಂದು ಅಂಚಿನ ವಾಸನೆ, ಆಮೇಲೆ ಕಂದಿಸಿದ ಸಕ್ಕರೆಯದು ಮೇಲೇಳುತ್ತದೆ. ಒಂದು ಗುಟುಕು ನಾಲಗೆಯ ಮೇಲೆ ಕ್ಷಣ ನಿಲ್ಲಿಸಿ ನುಂಗಿ. ಸಿಹಿಯ ಬೆನ್ನಿಗೇ ಗಂಟಲಲ್ಲಿ ಹಿತವಾದ ಬಿಸುಪು ಬರುತ್ತದೆ. ಆ ಸಿಹಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯದು. ಎಷ್ಟು ಚೆನ್ನಾಗಿದೆಯೆಂದರೆ, ಮದ್ಯದ ಖಾರವನ್ನೇ ಮುಚ್ಚಿಬಿಡುತ್ತದೆ! ಹಾಗಾಗಿ ಅರ್ಧ ಲೀಟರಿಗೇ ನಿಲ್ಲಿಸಿ, ಜೊತೆಗೆ ಊಟವಿರಲಿ, ಆಮೇಲೆ ಗಾಡಿ ಮುಟ್ಟಬೇಡಿ.