ಅನಶನ ತಪವೂ ಜೀವಕೋಶದ ಹಸಿವೂ



ಆರು ಬಾಹ್ಯತಪಗಳಲ್ಲಿ ಅನಶನವೇ ಮೊದಲನೆಯದೆಂಬುದು ತತ್ತ್ವಾರ್ಥಸೂತ್ರದ ಸ್ವಾಧ್ಯಾಯ ಮಾಡಿದ ಎಲ್ಲರಿಗೂ ವಿದಿತವಾದುದೇ. ಅಷ್ಟಮಿ, ಚತುರ್ದಶಿಗಳಂದು ಚತುರ್ವಿಧ ಆಹಾರವನ್ನು ತ್ಯಜಿಸಿ ಪ್ರೋಷಧೋಪವಾಸವನ್ನು ಆಚರಿಸುವ ಪದ್ಧತಿ ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಈಚಿನ ವರ್ಷಗಳಲ್ಲಿ ಇದಕ್ಕೆ ಹೊಸದೊಂದು ಸಮರ್ಥನೆ ಕೇಳಿಬರುತ್ತಿದೆ: ಉಪವಾಸದಿಂದ ಜೀವಕೋಶಗಳು ಶುದ್ಧವಾಗುತ್ತವೆಂದು ವಿಜ್ಞಾನಿಗಳೇ ತೋರಿಸಿದ್ದಾರೆ, ಆಚಾರ್ಯರು ಹೇಳಿದ ನಿರ್ಜರೆ ಇದೇ ಎಂದು. ಈ ಮಾತಿನ ಪೂರ್ವಾರ್ಧದಲ್ಲಿ ಎಷ್ಟು ಸತ್ಯವಿದೆ, ಉತ್ತರಾರ್ಧವನ್ನು ನಾವು ಒಪ್ಪಬಹುದೇ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಮೊದಲು ವಿಜ್ಞಾನದ ಸಂಗತಿ. ಪ್ರತಿಯೊಂದು ಜೀವಕೋಶದೊಳಗೂ ಸವೆದು ಕೆಟ್ಟ ಭಾಗಗಳು ಸೇರುತ್ತಿರುತ್ತವೆ. ಕೋಶವು ಅವುಗಳ ಸುತ್ತ ತೆಳುಪೊರೆಯ ಚೀಲವೊಂದನ್ನು ಕಟ್ಟಿ, ಅವನ್ನು ಜೀರ್ಣಕಾರಕ ರಸಗಳಿರುವ ಲೈಸೋಸೋಮ್ ಎಂಬ ಸಂಚಿಗೆ ಸಾಗಿಸಿ, ಅಲ್ಲಿ ಒಡೆದು ಮರಳಿ ಬಳಸಿಕೊಳ್ಳುತ್ತದೆ. ಬರಗಾಲದಲ್ಲಿ ರೈತನು ಮುರಿದ ಗಾಡಿಯ ಮರವನ್ನು ಬಿಚ್ಚಿ ಸೌದೆ ಮಾಡಿಕೊಳ್ಳುವಂತೆ, ಆಹಾರ ಒದಗದಿದ್ದಾಗ ಕೋಶದಲ್ಲಿ ಈ ಕಾರ್ಯ ಹೆಚ್ಚುತ್ತದೆ. 1963ರಲ್ಲಿ ಬೆಲ್ಜಿಯಂ ದೇಶದ ಕ್ರಿಶ್ಚಿಯನ್ ಡಿ ಡೂವ್ ಎಂಬವರು ಇದಕ್ಕೆ ಆಟೋಫ್ಯಾಜಿ ಎಂದು ಹೆಸರಿಟ್ಟರು. ಸ್ವಭಕ್ಷಣವೆಂದು ಅದರ ಅರ್ಥ.

ಜಪಾನಿನ ಯೋಶಿನೊರಿ ಓಸುಮಿ ಅವರು ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟನ್ನು ಪೋಷಕಾಂಶವಿಲ್ಲದೆ ಇರಿಸಿದಾಗ ಕೆಲವೇ ಗಂಟೆಗಳಲ್ಲಿ ಇಂತಹ ಚೀಲಗಳು ತುಂಬಿಕೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು 1992ರಲ್ಲಿ ಪ್ರಕಟಿಸಿದರು. ಮರುವರ್ಷ ಈ ಕಾರ್ಯಕ್ಕೆ ಅವಶ್ಯವಾದ 15 ಜೀನುಗಳನ್ನು ಗುರುತಿಸಿದರು. 2016ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ನಮ್ಮ ನಾಡಿನಲ್ಲಿಯೂ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯ ಅವರ ಪ್ರಯೋಗಾಲಯ ಇದೇ ವಿಷಯವನ್ನು ಅಭ್ಯಸಿಸುತ್ತಿದೆ. ಸ್ವಭಕ್ಷಣವನ್ನು ಚುರುಕುಗೊಳಿಸುವ ರಾಸಾಯನಿಕವೊಂದು ಪಾರ್ಕಿನ್ಸನ್ ರೋಗಕ್ಕೆ ಸಂಬಂಧಿಸಿದ ಪ್ರೋಟೀನಿನ ಶೇಖರಣೆಯನ್ನು ಇಲಿಗಳಲ್ಲಿ ತಗ್ಗಿಸಿತೆಂದು ಈ ತಂಡ 2017ರಲ್ಲಿ ವರದಿ ಮಾಡಿತು.

ಇವೆಲ್ಲ ಗೌರವಾರ್ಹವಾದ ಜ್ಞಾನಸಾಧನೆಗಳು. ಆದರೆ ಇದೇ ಶಾಸ್ತ್ರ ಹೇಳುವ ಮಿತಿಗಳನ್ನೂ ತಿಳಿಯಬೇಕು. ಉಪವಾಸವಿರಿಸಿದ ಇಲಿಗಳಲ್ಲಿ ಈ ಕ್ರಿಯೆ ಅಂಗದಿಂದ ಅಂಗಕ್ಕೆ ಭಿನ್ನವಾಗಿರುವುದು ಕಂಡುಬಂದಿದೆ. ಬೆಳೆದ ಅರ್ಬುದದ ಕೋಶಗಳು ಇದೇ ಸ್ವಭಕ್ಷಣದಿಂದ ತಮ್ಮನ್ನು ಉಳಿಸಿಕೊಳ್ಳುವುದೂ ಉಂಟು. ಈ ಜ್ಞಾನದ ಬಹುಭಾಗ ಪ್ರಾಣಿಗಳ ಮೇಲಿನ ಪ್ರಯೋಗದಿಂದ ದೊರೆತುದು ಎಂಬುದನ್ನು ಅಹಿಂಸಾವ್ರತಿಗಳಾದ ನಾವು ಮರೆಯಲಾಗದು. ಅದನ್ನು ನಮ್ಮ ವ್ರತದ ಹಿರಿಮೆಗೆ ಪ್ರಮಾಣಪತ್ರವಾಗಿ ಮೆರೆಸುವುದು ಉಚಿತವೂ ಅಲ್ಲ.

ಇನ್ನು ಉತ್ತರಾರ್ಧ. ಸ್ವಭಕ್ಷಣವೇ ನಿರ್ಜರೆಯೇ? ಅಲ್ಲ. ಕೋಶದಲ್ಲಿ ಒಡೆಯುವುದು ಔದಾರಿಕ ಶರೀರದ ಪುದ್ಗಲ. ನಿರ್ಜರೆಯಲ್ಲಿ ಕಳಚುವುದು ಆತ್ಮಪ್ರದೇಶಗಳಿಗೆ ಬದ್ಧವಾದ ಕರ್ಮಪುದ್ಗಲ. ಮೊದಲನೆಯದು ಸೂಕ್ಷ್ಮದರ್ಶಕಕ್ಕೆ ಗೋಚರ, ಎರಡನೆಯದು ಇಂದ್ರಿಯಗೋಚರವಲ್ಲ. ಇದಕ್ಕಿಂತ ಮುಖ್ಯವಾದ ಭೇದ ಮತ್ತೊಂದಿದೆ. ಪಾತ್ರೆಯಲ್ಲಿ ಹಸಿದ ಯೀಸ್ಟಿಗೆ ಸಂಕಲ್ಪವಿಲ್ಲ. ಸೆರೆಯಲ್ಲಿ ಅನ್ನ ಸಿಗದವನಿಗೂ, ಬಡತನದಿಂದ ಹಸಿದು ಮಲಗಿದ ಕೂಲಿಯವನಿಗೂ ವ್ರತಿಗೂ ಕೋಶದ ವ್ಯಾಪಾರ ಒಂದೇ ಬಗೆಯದು. ಅಲ್ಲಿ ವಿಜ್ಞಾನ ಭೇದವೆಣಿಸುವುದಿಲ್ಲ. ಆಗಮವಾದರೋ ಭೇದವೆಣಿಸುತ್ತದೆ: ಪರವಶನಾಗಿ ಹಸಿವನ್ನು ಸಹಿಸಿದರೆ ಆಗುವುದು ಅಕಾಮನಿರ್ಜರೆ, ಇಚ್ಛೆಯನ್ನು ತಾನೇ ನಿಗ್ರಹಿಸಿ ಆತ್ಮಧ್ಯಾನದಲ್ಲಿ ಕಳೆದ ಹಸಿವೇ ತಪ.

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅನಶನವನ್ನು ವಿವರಿಸುವಾಗ, ಅದು ಕಣ್ಣಿಗೆ ಕಾಣುವ ಫಲವನ್ನು ಅಪೇಕ್ಷಿಸದೆ ಮಾಡತಕ್ಕದ್ದೆಂದು ಸ್ಪಷ್ಟಪಡಿಸಿದ್ದಾರೆ. ಆರೋಗ್ಯವೂ ಯೌವನವೂ ಕಾಣುವ ಫಲಗಳೇ. ಕೋಶಶುದ್ಧಿಗಾಗಿ ಚತುರ್ದಶಿಯ ಉಪವಾಸವೆಂದು ಕೈಗೊಂಡವನ ಹೊಟ್ಟೆ ಬರಿದಾಗಬಹುದು. ದೇಹದ ಮೇಲಣ ಮೋಹ ಬರಿದಾಗುವುದಿಲ್ಲ. ನಾಳೆ ಬೇರೊಂದು ಸಂಶೋಧನೆ ಉಪವಾಸ ನಿಷ್ಪ್ರಯೋಜಕವೆಂದರೆ ಆತನ ವ್ರತವೂ ಅಂದೇ ಬಿದ್ದುಹೋಗುವುದು. ನಮ್ಮ ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟದ ಮೇಲೆ ಬಾಹುಬಲಿಸ್ವಾಮಿಯ ಪ್ರಾಚೀನ ಮೂರ್ತಿಯಿದೆ. ವರ್ಷವೊಂದು ಆಹಾರವಿಲ್ಲದೆ ನಿಂತ ಆ ಮಹಾಪುರುಷನು ನಿಂತುದು ದೇಹವನ್ನು ನವೀಕರಿಸಲೆಂದಲ್ಲ, ದೇಹವನ್ನು ಮರೆಯಲೆಂದು.

ಹಾಗೆಂದು ದೇಹವನ್ನು ತಿರಸ್ಕರಿಸಬೇಕೆಂದಲ್ಲ. ಷೋಡಶ ಭಾವನೆಗಳಲ್ಲಿ ತಪವನ್ನು ಶಕ್ತಿಗನುಸಾರವಾಗಿ ಮಾಡಬೇಕೆಂದೇ ವಿಧಿಸಲಾಗಿದೆ. ಸಕ್ಕರೆ ಕಾಯಿಲೆಗೆ ಔಷಧ ಸೇವಿಸುವವರು, ಗರ್ಭಿಣಿಯರು, ಮೂತ್ರಪಿಂಡದ ರೋಗಿಗಳು ವೈದ್ಯರನ್ನು ಕೇಳದೆ ನಿರ್ಜಲ ಉಪವಾಸಕ್ಕೆ ತೊಡಗಬಾರದು. ಅವರಿಗೆ ಅವಮೌದರ್ಯವಿದೆ, ರಸಪರಿತ್ಯಾಗವಿದೆ. ಇವೂ ತಪಗಳೇ, ಕೀಳಲ್ಲ.

ಆದುದರಿಂದ ಮನೆಯ ಮಕ್ಕಳು ಈ ವಿಷಯವನ್ನು ಕೇಳಿದಾಗ ವಿಜ್ಞಾನವನ್ನು ಅಲ್ಲಗಳೆಯದಿರಿ. ಓಸುಮಿಯವರು ಕಂಡುದನ್ನು ಸಂತೋಷದಿಂದ ಹೇಳಿಕೊಡಿ. ಅನಂತರ ಇಷ್ಟನ್ನು ಸೇರಿಸಿರಿ: ಹಸಿದಾಗ ಕೋಶವು ತನ್ನ ಕಸವನ್ನು ತಾನೇ ಕಳೆಯುತ್ತದೆ, ಅದಕ್ಕೆ ನಾವು ಏನೂ ಮಾಡಬೇಕಾಗಿಲ್ಲ; ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಸವಾದರೋ ಹಸಿವೊಂದರಿಂದಲೇ ಹೋಗುವುದಿಲ್ಲ, ಅದನ್ನು ನಾವೇ ಕಳೆಯಬೇಕು. ಉಪವಾಸದ ದಿನ ಕೋಪವೊಂದು ಕಡಿಮೆಯಾಯಿತೇ ಎಂಬುದೇ ಶ್ರಾವಕನು ಸಂಜೆಯ ಪ್ರತಿಕ್ರಮಣದಲ್ಲಿ ಕೇಳಿಕೊಳ್ಳತಕ್ಕ ಪ್ರಶ್ನೆ.