ಸನ್ಮಾನವೂ ದಾಸೋಹವಾಗಲಿ

ಗುಣವಂತರನ್ನು ಗುರುತಿಸಿ ಗೌರವಿಸುವುದು ನಾಗರಿಕ ಸಮಾಜದ ಧರ್ಮ. ಆದರೆ ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲವಿತ್ತು ಕಳುಹಿಸಿದೊಡನೆ ಆ ಧರ್ಮವು ಪೂರ್ಣವಾಯಿತೆಂದು ಭಾವಿಸುವುದು ಸಲ್ಲದು. ಸನ್ಮಾನಿತರಲ್ಲಿ ಗೌರವಿಸಬೇಕಾದುದು ಯಾವುದು? ಆ ಗೌರವವು ಸಲ್ಲಬೇಕಾದ ಕಾಲ ಯಾವುದು? ಅದರಿಂದ ಮುಂದೆ ಲೋಕಕ್ಕೆ ಆಗುವ ಹಿತವೇನು? ಈ ಮೂರನ್ನೂ ವಿಚಾರಿಸಿದಾಗಲೇ ಸನ್ಮಾನಕ್ಕೆ ಅರ್ಥ ಬರುವುದು. ಅಂಗವೈಕಲ್ಯವನ್ನು ಎದುರಿಸಿ ಗೆದ್ದ ಕ್ರೀಡಾಪಟುಗಳ ವಿಷಯದಲ್ಲಂತೂ ಈ ವಿಚಾರವು ಅತ್ಯವಶ್ಯ.

ಬಸವಣ್ಣನವರು ದೇಹವನ್ನೇ ದೇಗುಲವೆಂದು ಕಂಡವರು. ಕಟ್ಟಿ ನಿಲ್ಲಿಸಿದ ಸ್ಥಾವರಕ್ಕಿಂತ ಚೈತನ್ಯರೂಪಿಯಾದ ಜಂಗಮವು ಹಿರಿದೆಂದು ತಿಳಿಸಿದವರು. ಇಲ್ಲಿ ಗೃಹಸ್ಥನಿಗೆ ಒಂದು ಸಂದೇಹವು ಹುಟ್ಟಬಹುದು. ಕಾಲು ಸೋತವನ ದೇಹವೂ ದೇಗುಲವೇ? ನಡೆಯಲಾರದವನಿಗೆ ಜಂಗಮದ ಮಾತು ಹೇಗೆ ಅನ್ವಯಿಸುವುದು? ಜಂಗಮವೆಂದರೆ ಬರಿಯ ಕಾಲಿನ ಚಲನೆಯಲ್ಲ, ಅರಿವಿನ ಚಲನೆ. ಕೈಕಾಲುಗಳು ಗಟ್ಟಿಯಿದ್ದೂ ಸೋಮಾರಿಯಾಗಿ ಕುಳಿತವನು ಸ್ಥಾವರವೇ. ಗಾಲಿಕುರ್ಚಿಯಲ್ಲಿ ಕುಳಿತೇ ತನ್ನ ಕಾಯಕವನ್ನು ನಡೆಸುವವನಲ್ಲಿ ಚೈತನ್ಯವು ಸಂಚರಿಸುತ್ತಿರುವುದು.

ಈ ಮಾತಿಗೆ ಕನ್ನಡ ನಾಡಿನಲ್ಲಿಯೇ ಒಂದು ಉಜ್ವಲ ನಿದರ್ಶನವುಂಟು. ಮಾಲತಿ ಕೃಷ್ಣಮೂರ್ತಿ ಹೊಳ್ಳ ಅವರು 1958ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಅವರ ತಂದೆ ಸಣ್ಣದೊಂದು ಹೋಟೆಲು ನಡೆಸುತ್ತಿದ್ದವರು. ಮಗುವಿಗೆ ಇನ್ನೂ ಒಂದು ವರ್ಷವಾಗಿದ್ದಾಗ ಬಂದ ಪೋಲಿಯೋ ಜ್ವರವು ಇಡೀ ಶರೀರದ ಚಲನೆಯನ್ನೇ ಕಸಿಯಿತು. ಎರಡು ವರ್ಷಗಳಿಗೂ ಮೀರಿ ವಿದ್ಯುತ್ ಚಿಕಿತ್ಸೆ ನಡೆದ ಮೇಲೆ ದೇಹದ ಮೇಲ್ಭಾಗಕ್ಕೆ ಬಲ ಬಂದಿತು, ಕೆಳಭಾಗಕ್ಕೆ ಬರಲಿಲ್ಲ. ಬಾಲ್ಯದ ಅನೇಕ ವರ್ಷಗಳು ಚೆನ್ನೈಯ ಚಿಕಿತ್ಸಾಕೇಂದ್ರವೊಂದರಲ್ಲಿ ಶಸ್ತ್ರಚಿಕಿತ್ಸೆಗಳ ನೋವಿನಲ್ಲಿ ಕಳೆದವು.

ಇಂತಹವರು ಗಾಲಿಕುರ್ಚಿಯ ಓಟ, ಗುಂಡು ಎಸೆತ, ಚಕ್ರ ಎಸೆತ, ಭರ್ಜಿ ಎಸೆತಗಳನ್ನು ಸಾಧನೆಯ ಮಾರ್ಗವಾಗಿ ಆರಿಸಿಕೊಂಡರು. ಬ್ಯಾಂಕಿನಲ್ಲಿ ಉದ್ಯೋಗ ಮಾಡುತ್ತಲೇ ಅಭ್ಯಾಸವನ್ನು ನಡೆಸಿದರು. 1988ರ ಸೋಲ್, 1992ರ ಬಾರ್ಸಿಲೋನ, 2004ರ ಅಥೆನ್ಸ್, 2008ರ ಬೀಜಿಂಗ್ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ಭಾರತದ ಪರವಾಗಿ ಸ್ಪರ್ಧಿಸಿದರು. ಅವರ ಪದಕಗಳ ಸಂಖ್ಯೆ 300ನ್ನೂ ಮೀರಿದುದು. ರಾಷ್ಟ್ರವು ಅವರಿಗೆ 1995ರಲ್ಲಿ ಅರ್ಜುನ ಪ್ರಶಸ್ತಿಯನ್ನೂ 2001ರಲ್ಲಿ ಪದ್ಮಶ್ರೀಯನ್ನೂ ನೀಡಿತು.

ಇಲ್ಲಿ ಗೌರವಕ್ಕೆ ಪಾತ್ರವಾದುದು ಅವರ ವೈಕಲ್ಯವಲ್ಲ, ಎಡೆಬಿಡದ ಕಾಯಕ. ಅಯ್ಯೋ ಪಾಪವೆಂಬ ಮರುಕದಿಂದ ಕೊಟ್ಟ ಹಾರವು ಕೊಟ್ಟವನನ್ನು ಮೇಲಕ್ಕೂ ಪಡೆದವನನ್ನು ಕೆಳಕ್ಕೂ ಇಡುವುದು. ಶರಣಧರ್ಮವು ಅಂತಹ ಮೇಲು ಕೀಳನ್ನು ಒಪ್ಪದು.

ಎರಡನೆಯದು ಕಾಲದ ವಿಚಾರ. ನಮ್ಮ ನಾಡಿನ ಗಡಿಗೆ ಹೊಂದಿದ ಸಾಂಗ್ಲಿ ಜಿಲ್ಲೆಯಲ್ಲಿ ಹುಟ್ಟಿದ ಯೋಧ ಮುರಳೀಕಾಂತ ಪೇಟ್ಕರ್ ಅವರು 1965ರ ಯುದ್ಧದಲ್ಲಿ ಗುಂಡೇಟು ತಿಂದು ಅಂಗವಿಕಲರಾದರು. ಚಿಕಿತ್ಸೆಗಾಗಿ ನೀರಿಗಿಳಿದವರು ಈಜುಗಾರರಾಗಿ, 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಭಾರತಕ್ಕೆ ಪ್ಯಾರಾಲಿಂಪಿಕ್‌ನ ಮೊದಲ ಚಿನ್ನವನ್ನು ತಂದರು. ಪದ್ಮಶ್ರೀ ಅವರನ್ನು ಮುಟ್ಟಿದುದು 2018ರಲ್ಲಿ. ನಡುವೆ ಸಂದ ವರ್ಷಗಳು 46! ಹಸಿದಾಗ ಇಕ್ಕದ ಅನ್ನವು ಹಸಿವು ಹಿಂಗಿದ ಮೇಲೆ ಎಷ್ಟು ರುಚಿಯಾಗಿದ್ದರೇನು? ಗಾಯಗೊಂಡವನಿಗೆ ಸಮಾಜದ ನೆರವು ಬೇಕಾಗುವುದು ಪದಕ ಬಂದ ದಿನವಲ್ಲ, ಹಾಸಿಗೆಯಿಂದ ಏಳಲು ಯತ್ನಿಸುವ ದಿನ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ವೈದ್ಯ ಲುಡ್ವಿಗ್ ಗುಟ್‌ಮನ್ ಇದನ್ನು ಅರಿತಿದ್ದರು. ಅವರು 1948ರಲ್ಲಿ ಗಾಯಾಳುಗಳಾದ 16 ಮಂದಿ ಯೋಧರಿಂದ ಬಿಲ್ಲುಗಾರಿಕೆಯ ಪಂದ್ಯವನ್ನು ಆಡಿಸಿದರು. ಪ್ಯಾರಾಲಿಂಪಿಕ್ ಕ್ರೀಡೆಗಳಿಗೆ ಅದೇ ಬೀಜವಾಯಿತು.

ಮೂರನೆಯದು ಫಲದ ವಿಚಾರ. ಮಾಲತಿ ಹೊಳ್ಳ ಅವರು ತಮಗೆ ಬಂದ ಕೀರ್ತಿಯನ್ನು ತಮ್ಮ ಮನೆಯ ಗೋಡೆಗೆ ಮೀಸಲಿಡಲಿಲ್ಲ. ಸ್ನೇಹಿತರೊಡಗೂಡಿ ‘ಮಾತೃ ಫೌಂಡೇಷನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಅಂಗವಿಕಲ ಮಕ್ಕಳಿಗೆ ಆಶ್ರಯವನ್ನೂ ವಿದ್ಯೆಯನ್ನೂ ಒದಗಿಸಿದರು. ಅವರಲ್ಲಿ ಅನೇಕರು ಹಳ್ಳಿಗಳ ಬಡ ಕುಟುಂಬಗಳ ಮಕ್ಕಳು. ಕಾಯಕದಿಂದ ಬಂದುದನ್ನು ಸಮಾಜಕ್ಕೆ ಸಲ್ಲಿಸುವುದೇ ದಾಸೋಹವಾದರೆ, ಧನದಂತೆ ಕೀರ್ತಿಯೂ ದಾಸೋಹಕ್ಕೆ ಸಲ್ಲತಕ್ಕ ವಸ್ತುವೆಂಬುದನ್ನು ಇಲ್ಲಿ ಮನಗಾಣಬೇಕು.

ಪಡೆದವರು ಹೀಗೆ ನಡೆದುಕೊಂಡ ಮೇಲೆ ಕೊಡುವವರ ಹೊಣೆ ಇನ್ನೂ ಹಿರಿದಾಗುವುದು. ಇದು ರಾಜಧಾನಿಯ ಸಭಾಭವನಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಮಂಡ್ಯ ಜಿಲ್ಲೆಯ ಆತಗೂರಿನಂತಹ ಕಬ್ಬು, ಭತ್ತ, ತೆಂಗುಗಳ ಸೀಮೆಯಲ್ಲಿಯೂ ಅಂಗಹಾನಿಯ ಭಯವು ದುಡಿಯುವವರ ಬೆನ್ನಿಗೇ ಇರುವುದು. ಆಲೆಮನೆಯ ಗಾಣಕ್ಕೆ ಕೈ ಸಿಕ್ಕಬಹುದು. ತೆಂಗಿನ ಮರದಿಂದ ಬಿದ್ದವನ ಬೆನ್ನೆಲುಬು ಮುರಿಯಬಹುದು. ಅಂತಹವನು ಮನೆಯ ಮೂಲೆಯಲ್ಲಿ ಮರೆತುಹೋದ ವಸ್ತುವಾಗಬಾರದು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಸಾರ್ವಜನಿಕ ಕಟ್ಟಡಗಳಿಗೆ ಅವರೂ ಸುಗಮವಾಗಿ ಬರುವಂತಿರಬೇಕೆಂದು ವಿಧಿಸಿದೆ. ಆದರೆ ಕಾಯಿದೆಯು ಕಾಗದದಿಂದ ಊರಿಗೆ ಇಳಿಯಬೇಕಾದರೆ ಊರವರ ಮನಸ್ಸು ಬೇಕು.

ಆದುದರಿಂದ ಸದ್ಭಕ್ತರಾದ ಗೃಹಸ್ಥರು ಸನ್ಮಾನಸಭೆಯನ್ನು ಏರ್ಪಡಿಸುವ ಮುನ್ನ ಊರಿನ ಶಾಲೆಯ ಮೆಟ್ಟಿಲನ್ನೊಮ್ಮೆ ನೋಡಬೇಕು. ಅಲ್ಲಿ ಗಾಲಿಕುರ್ಚಿ ಏರುವ ಇಳಿಜಾರು ದಾರಿ ಇದೆಯೇ? ನಡೆಯಲಾರದ ಮಗುವನ್ನು ಆಟದ ಬಯಲಿಗೆ ಕರೆದೊಯ್ಯುವವರಿದ್ದಾರೆಯೇ? ಮಠದ ಹೊಸ್ತಿಲು, ಪಂಚಾಯಿತಿಯ ಬಾಗಿಲು ಅವರಿಗೂ ತೆರೆದಿವೆಯೇ? ಇಲ್ಲವಾದರೆ ಹಾರಕ್ಕೆಂದು ಕೂಡಿಸಿದ ಹಣದಲ್ಲಿ ಮೊದಲು ಆ ದಾರಿಯನ್ನು ಮಾಡಿಸುವುದು ಲೇಸು. ಸಾಧಕರಿಗೆ ಅದಕ್ಕಿಂತ ಮಿಗಿಲಾದ ಸನ್ಮಾನವಿಲ್ಲ.