ಡಿಸ್ಕ್ ಒಂದು, ಕಂಪ್ಯೂಟರ್ ಮೂರು ತರದ್ದು

ಬೆಂಗಳೂರಿನಲ್ಲಿರುವ ಮಗ ನಮ್ಮ ಹೊಲದ ಆರು ವರ್ಷದ ಫೋಟೋ, ಕೃಷಿಹೊಂಡದ ವಿಡಿಯೋ, ಉತಾರದ ಪ್ರತಿ ಎಲ್ಲಾ ಒಂದು ಹಾರ್ಡ್ ಡಿಸ್ಕಿಗೆ ತುಂಬಿ ಕೊಟ್ಟಿದ್ದ. ಅವನದು ಮ್ಯಾಕ್ ಕಂಪ್ಯೂಟರ್. ಇಲ್ಲಿ ಅಂಗಡಿಯ ವಿಂಡೋಸಿಗೆ ಹಚ್ಚಿದರೆ 'ಫಾರ್ಮ್ಯಾಟ್ ಮಾಡಬೇಕು' ಅಂತ ತೋರಿಸಿತು. ಹುಡುಗ ಒತ್ತಲು ಹೊರಟ. 'ತಡಿಯೋ ತಮ್ಮಾ' ಅಂದೆ. ಒತ್ತಿದ್ದರೆ ಆರು ವರ್ಷದ್ದೂ ಅಳಿಸಿ ಹೋಗುತ್ತಿತ್ತು.

ಡಿಸ್ಕ್ ಕೆಟ್ಟಿರಲಿಲ್ಲ. ಹಿಂದೆ ಹಗೇವಿನಾಗ ಜೋಳ ಇಡುತ್ತಿದ್ದೆವಲ್ಲ, ಬಾಯಿ ಎಲ್ಲೈತಿ ಅಂತ ತಿಳಿಯದವನಿಗೆ ಅದು ಬರೀ ನೆಲ. ಇದೂ ಹಂಗೇ. ಮ್ಯಾಕಿನ ಎಪಿಎಫ್‌ಎಸ್, ಲಿನಕ್ಸಿನ ಎಕ್ಸ್‌ಟಿ4 ಎಂಬ ಜೋಡಣೆ ವಿಂಡೋಸಿಗೆ ತಾನಾಗಿ ತಿಳಿಯದು. ವಿಂಡೋಸಿನ ಎನ್‌ಟಿಎಫ್‌ಎಸ್ ಇದ್ದರೆ ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಹಳೇ ಫ್ಯಾಟ್32 ಎಲ್ಲಾ ಕಡೆ ನಡೆಯುತ್ತದೆ ಖರೆ, ಆದರೆ ಒಂದೇ ಫೈಲು 4 ಜಿಬಿ ಮುಟ್ಟಿದರೆ ಹಿಡಿಸದು. ನನ್ನ ಹೊಂಡದ ವಿಡಿಯೋನೇ ಅದಕ್ಕಿಂತ ದೊಡ್ಡದು!

ಮೂರಕ್ಕೂ ಒಗ್ಗುವುದು ಎಕ್ಸ್‌ಫ್ಯಾಟ್. ಮೈಕ್ರೋಸಾಫ್ಟಿನವರು 2006ರಲ್ಲಿ ತಂದದ್ದು. 2019ರಲ್ಲಿ ಅದರ ವಿವರ ಬಿಚ್ಚಿಟ್ಟ ಮೇಲೆ ಲಿನಕ್ಸ್ 5.4ರ ಒಳಗೇ ಸೇರಿತು. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಲಿನಕ್ಸೇ ನಡೆಯುವುದು, ಅಲ್ಲಿಯ ಓದುಗರಿಗೆ ಇದು ಉಪಯೋಗ.

ಡಿಸ್ಕ್ ಮಗನಿಗೆ ವಾಪಸ್ ಕಳಿಸಿದೆ. ಅವನು ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ, ತೆರೆದು ನೋಡಿ, ಆಮೇಲೆ ಇದನ್ನು ಎಕ್ಸ್‌ಫ್ಯಾಟಿಗೆ ಫಾರ್ಮ್ಯಾಟ್ ಮಾಡಿ ಮತ್ತೆ ತುಂಬಿದ. ಈ ಕ್ರಮ ತಪ್ಪಬಾರದು.

ಇದರಲ್ಲೂ ಒಂದು ಕೊರತೆ ಐತಿ. ಬರೆಯುತ್ತಿರುವಾಗ ವೈರು ಕಿತ್ತರೆ, ಕರೆಂಟ್ ಹೋದರೆ ಫೈಲು ಕೆಡುವ ಭಯ ಎನ್‌ಟಿಎಫ್‌ಎಸ್‌ಗಿಂತ ಹೆಚ್ಚು. ನಮ್ಮ ಬೆಳ್ಳಟ್ಟಿ ಕಡೆ ಕರೆಂಟಿನ ಭರವಸೆ ನಿಮಗೆ ಗೊತ್ತೇ ಐತಿ. 'ಇಜೆಕ್ಟ್' ಒತ್ತಿ ಆಮೇಲೆ ತೆಗೆಯಿರಿ. ಉತಾರವನ್ನಂತೂ ಕಾಗದದ ಮೇಲೂ ಪೆಟ್ಟಿಗೆಯಲ್ಲಿ ಇಟ್ಟೀನಿ.